ಹಿಂಗಾಲಿನ ಮಾತು

ಪರದೆಯ ಮೇಲೆ ಬೂದು ನಾರು, ಒತ್ತೊತ್ತಾಗಿ,
ಬಾಚಿ ಹೆಣೆದ ಜಡೆಯ ಹಾಗೆ.
ನಡುವೆ ಒಂದು ಕಡೆ ಮಾತ್ರ ಕಪ್ಪು.
"ಇಲ್ಲಿ," ಎಂದಳು ಡಾಕ್ಟರ್ ರೌನಿ, ಪೆನ್ನಿನ ತುದಿಯಿಂದ,
"ಗಂಟಿನ ಕೆಳಗೆ, ಮೂಳೆಗೆ ಅಂಟಿದಲ್ಲೇ ಹರಿದಿದೆ."
ಬೆರಳಿಗೆ ಸಿಗದಷ್ಟು ಒಳಗೆ.
ನಾನು ಸುಹಿನಾಳ ಕಾಲು ನೋಡಲಿಲ್ಲ, ಪೆನ್ನು ನೋಡಿದೆ.
ಅದರ ಮೇಲೆ ಯಾವುದೋ ಮೇವಿನ ಕಂಪನಿಯ ಹೆಸರು.

ಒಂದು ದಾರಿ: ಲಾಯದಲ್ಲೇ ಕಟ್ಟು.
ದಿನಕ್ಕೆ ಹತ್ತು ನಿಮಿಷ ಹಗ್ಗ ಹಿಡಿದು ನಡೆಸು,
ಬರುವ ತಿಂಗಳು ಹದಿನೈದು,
ಸರೋವರದ ಮಂಜುಗಡ್ಡೆ ಒಡೆಯುವ ತನಕ ಹೀಗೇ.
ಆಮೇಲೂ ಕುಂಟಬಹುದು.
ಇನ್ನೊಂದು, ಕತ್ತರಿ.
ನಾರನ್ನು ಬಿಗಿದಿರುವ ಪೊರೆ ಸೀಳಿ,
ನೋವನ್ನು ಮೇಲಕ್ಕೆ ಹೊರುವ ನರವನ್ನೂ
ಒಂದಿಷ್ಟು ಕತ್ತರಿಸಿ ತೆಗೆಯುವುದು.
ಓಟದ ಕಣಕ್ಕೆ ಮತ್ತೆ ಬಿಡುವುದಿಲ್ಲ.
ಕಾಡಿನಿಂದ ದಿಮ್ಮಿ ಎಳೆಯಬಹುದು, ಜಾರುಗಾಡಿಗೆ ಹೂಡಬಹುದು.

"ನೋವೇ ಇಲ್ಲ ಅಂದಮೇಲೆ
ವಾಸಿಯಾದ ಹಾಗೇ ತಾನೇ ಅಪ್ಪಾ?"
ಸೈಮಿಗೆ ಹದಿನಾರು. ಹೆಲ್ಮೆಟ್ ಇನ್ನೂ ತಲೆಯ ಮೇಲೇ.

ಮರದ ಕಾರ್ಖಾನೆಯ ಗರಗಸ
ನನ್ನ ಎಡಗೈಯ ಎರಡು ಬೆರಳಿಗೆ ತಾಗಿ ಹನ್ನೊಂದು ವರ್ಷ.
ಹೊಲಿದರು, ಕೂಡಿಕೊಂಡವು, ಮಡಚುತ್ತವೆ;
ಆದರೆ ಅಲ್ಲಿ ಯಾರೂ ಇಲ್ಲ.
ಒಂದು ಶನಿವಾರ ಸೌನಾದೊಳಗೆ ಹರಟುತ್ತ
ಒಲೆಯ ಕಂಬಿಯ ಮೇಲೆ ಕೈಯಿಟ್ಟು ಕೂತಿದ್ದೆ.
ಮೊದಲು ಗೊತ್ತಾದದ್ದು ಮೂಗಿಗೆ.
"ಯಾರಪ್ಪಾ ಮಾಂಸ ಸುಡುತ್ತಿರುವವರು?" ಭಾವ ಓರ್ವೊ ನಕ್ಕ.
ನಾನೂ ನಕ್ಕೆ.

ಮೂಕಪ್ರಾಣಿ ಅನ್ನುತ್ತೇವೆ.
ಕುಂಟುವುದೇ ಅವಳ ಮಾತು.
ಎಷ್ಟು ತಿಂಗಳಿಂದ ಹೇಳುತ್ತಿದ್ದಳೋ:
ತಿರುವಿನಲ್ಲಿ ಬಾಲ ಬೀಸಿ,
ಗೊರಸು ಕೆರೆಯಲು ಎತ್ತಿದರೆ ಕಾಲು ಕಿತ್ತುಕೊಂಡು.
ಮೊಂಡು ಅಂದುಕೊಂಡೆ. ಒಮ್ಮೆ ಚಾವಟಿಯ ಹಿಡಿಯಿಂದ
ಪಕ್ಕೆಗೆ ತಿವಿದೆ ಕೂಡ.
ಅದನ್ನು ರೌನಿಗೆ ಹೇಳಿಲ್ಲ.

ಹಾಗಾದರೆ ನೋಯಲಿ ಎಂದೇ?
ನನಗೆ ತಿಳಿಯಲಿ ಎಂದು ಅವಳು ನೋಯುತ್ತಿರಬೇಕೆ?
ಬೆರಳ ಕತೆ ಹೇಳಿಕೊಂಡು
ಖರ್ಚು ಉಳಿಸುತ್ತಿದ್ದೇನೋ ಏನೋ.
ರಾತ್ರಿ ಮೂರಕ್ಕೆ ಟಾರ್ಚು ಹಿಡಿದು ಹೋದೆ.
ಮೂರು ಕಾಲಿನ ಮೇಲೆ ಮೈಭಾರ. ನಾಲ್ಕನೆಯದು
ಗೊರಸಿನ ತುದಿಯಲ್ಲಿ, ಮರದ ಹೊಟ್ಟಿನ ಮೇಲೆ,
ಇಟ್ಟೂ ಇಡದ ಹಾಗೆ.
ಬೆಳಕು ಬಿದ್ದದ್ದಕ್ಕೆ ಕಿವಿ ಹಿಂದಕ್ಕೆ ಮಡಚಿದಳು.

ಸಹಿ ಹಾಕುವ ಕಾಗದ ಅಡುಗೆಮನೆಯ ಮೇಜಿನ ಮೇಲಿದೆ,
ಕಾಫಿ ಲೋಟದ ಕಲೆ ಹೊತ್ತುಕೊಂಡು.
ಗುರುವಾರದೊಳಗೆ ಹೇಳಬೇಕು.

ಬೆಳಿಗ್ಗೆ, ಅಂದರೆ ಇನ್ನೂ ಕತ್ತಲೆ,
ಸೈಮಿ ಹಗ್ಗ ಹಿಡಿದಳು. ನಾನು ಬೇಲಿಗೊರಗಿ ಕಣ್ಣು ಮುಚ್ಚಿದೆ.
ಹೆಪ್ಪುಗಟ್ಟಿದ ಅಂಗಳದಲ್ಲಿ
ಟಕ್, ಟಕ್, ಟಕ್, ತಡೆದು, ಟ.
ಟಕ್, ಟಕ್, ಟಕ್.
ಆ ಒಂದು ಅರ್ಧ ಅಕ್ಷರಕ್ಕೆ ಕಾಯುತ್ತ ನಿಂತೆ.
"ಹತ್ತು ನಿಮಿಷ ಆಯ್ತು," ಎಂದಳು.
ಇನ್ನೊಂದು ಸುತ್ತು, ಎಂದೆ.
ಸುಹಿನಾ ಆಗಲೇ ನಿಂತಿದ್ದಳು.