ಮೀನಿನ ಚಾನಲ್ಲು

ಕ್ಯಾಲೆಂಡರಿನ ಬೆನ್ನ ಮ್ಯಾಲ ಹಿಸಾಬು ಬರ್ದೀನಿ.
ಲಾಯಖನ ಕೇಬಲ್ಲು ಮುನ್ನೂರಾ ನಲ್ವತ್ತು.
ಕಟ್ಟು ಬಿಚ್ಚಿ ಬಿಡಿಬಿಡಿ ಕೊಂಡ್ರ
ಕ್ರಿಕೆಟ್ಟಿಗೊಂದು, ಸಿನಿಮಾಕ್ಕೊಂದು, ಪ್ರೇರಣಾನ ಕೊರಿಯಾಕ್ಕೊಂದು,
ನೆಟ್ಟಿನ ರೊಕ್ಕ ಬ್ಯಾರೆ.

ಕೊತಂಬ್ರಿ ಕೇಳಿದ್ರ ತ್ವಾಟನೇ ಕಟ್ಟಿ ಕೊಡ್ತಾನವ,
ಅಂತಾರ ಮನಿಯವ್ರು. ಖರೇನೇ.
ಮೀನ ಹಿಡಿಯದು ಕಲಿಸೋ ಚಾನಲ್ಲಿಗೂ
ತಿಂಗಳಾ ರೊಕ್ಕ ಕಟ್ತೀವಿ,
ಬೀದರಿನ ಕೆಂಪು ಕಲ್ಲಿನ ಮ್ಯಾಲ ಕುಂತು.

ರಾತ್ರಿ ಮಗಳು ಆ್ಯಪ್ ಹಾಕಿದ್ಳು, ಒಂದು ತಿಂಗಳು ಪುಕಟ.
ಮೊದಲ್ನೇ ಮಾತೇ: ನಿಮ್ಮ ಭಾಷೆ ಆರಿಸಿ.
ಬೆರಳು ನಿಂತೇಬಿಡ್ತು.
ಅತ್ತಿ ದೇವರ ಕೂಡ ಮರಾಠಿ, ನನ್ನ ಕೂಡ ಕನ್ನಡ;
ಇವರದು ಗಂಜಿನಾಗ ದಖನಿ;
ಬಾಜೂ ಮನಿ ನರ್ಸಮ್ಮ ಬಂದ್ಳಂದ್ರ
ಒಂಬತ್ತಕ್ಕ ನಾವಿಬ್ರೂ ತೆಲುಗಿನಾಗ ಅಳ್ತೀವಿ.

ಎರಡನೇದು: ಯಾರು ನೋಡುತ್ತಿದ್ದೀರಿ?
ನಾಕು ಗೋಲ ಮಾರಿ, ನಾಕು ಹೆಸರು.
ನರ್ಸಮ್ಮ ಸೆರಗಿಗೆ ಕೈ ಒರಸ್ಕೋತ ಹಿಂದ ಸರಿದ್ಳು.
"ಟಿವಿ ಹೆಸರ್ಯಾಕ ಕೇಳ್ತದ? ಪೊಲೀಸೇನದು?" ಅತ್ತಿ.

ಐದ್ನೇ ತಾರೀಖು ಲಾಯಖ್ ಬಾಗಿಲಿಗೆ:
"ಕನೆಕ್ಷನ್ ತೆಗೀಲೇನ್ ಅಕ್ಕಾ?"
ಬ್ಯಾಡ, ಆ ಮೀನಿಂದಷ್ಟು ತೆಗಿ, ಅಂದೆ.
ಅಂವ ಹೆಲ್ಮೆಟ್ಟಿನೊಳಗೇ ನಕ್ಕ.
"ಅದೊಂದೇ ತೆಗೀಲಕ್ಕ ಬರಲ್ಲ.
ಎಲ್ಲಾ ಕೂಡೇ ಅದ."