ಯಾವುದರ ಇಪ್ಪತ್ತು

ಶನಿವಾರದ ತರಬೇತಿ. ಭೋಸರಿಯ ಮುನ್ಸಿಪಾಲಿಟಿ ಶಾಲೆ,
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ
ಮೂವತ್ತು ಮಂದಿ ಗಣಿತದವರು.
ಕೇತಕರ್ ಮೇಡಂ ಮರಾಠಿಯಲ್ಲಿ ಬರೆದರು:
ನೂರರಲ್ಲಿ ಶೇಕಡಾ ಇಪ್ಪತ್ತು ಕಳೆ,
ಉಳಿದದ್ದಕ್ಕೆ ಶೇಕಡಾ ಇಪ್ಪತ್ತು ಕೂಡಿಸು.
ಉತ್ತರ ಬೇಡ, ಅಂದರು. ಮಗು ನೂರು ಅಂದರೆ
ಯಾಕೆ ಅಂದಿತು, ಅದನ್ನು ಹೇಳಿ.

ಹತ್ತೊಂಬತ್ತು ವರ್ಷ
ಗೀಟು ಹಾಕಿ ಮುಂದೆ ಹೋದವಳು ನಾನು.
ಕೇಳಿದ್ದಿಲ್ಲ.

ಪಿಂಪರಿಯ ಕನ್ನಡ ರಾತ್ರಿ ಶಾಲೆ, ಕೊನೆಯ ಬೆಂಚು,
ಮಲ್ಲೇಶಿ ತಳವಾರ. ಪಟ್ಟಿಯ ತುಂಬ ಗ್ರೀಸಿನ ಹೆಬ್ಬೆರಳು.
'ಇಪ್ಪತ್ತು ಹೋತು, ಇಪ್ಪತ್ತು ಬಂತು,
ಲೆಕ್ಕ ಮುಗೀತಲ್ರಿ ಟೀಚರ್.'
ಗೀಟು ಹಾಕಿದೆ.

ಈಗವನು ಯೂನಿಯನ್ನಿನ ಮುಂದಾಳು.
ಗಾಡಿ ಮಾರಾಟ ಕುಸಿದ ವರ್ಷ
ಪಗಾರದ ಇಪ್ಪತ್ತು ಕಡಿತಕ್ಕೆ ಸಹಿ ಹಾಕಿದ,
ಯಾರ ಕೆಲಸವೂ ಹೋಗಬಾರದೆಂದು.
ಪೇಟೆ ಎದ್ದಿತು. ಕಂಪನಿ
ಅದೇ ಇಪ್ಪತ್ತನ್ನು ಮರಳಿ ಕೊಟ್ಟಿತು, ಪೇಢೆ ಸಮೇತ.
ಗೇಟಿನಲ್ಲಿ ಗುಲಾಲು.
ಒಂದು ಡಬ್ಬಿ ನಮ್ಮ ಮನೆಗೂ ಬಂತು.
ತಿಂದೆ.

ಊಟದ ಬಿಡುವಿನಲ್ಲಿ ಫೋನು ಮಾಡಿದೆ.
ಬಹಳ ಹೊತ್ತು ಪ್ರೆಸ್ಸಿನ ಸದ್ದು, ಆಮೇಲೆ:
'ಗೊತ್ತೈತ್ರಿ ಟೀಚರ್. ಪಗಾರದ ಚೀಟಿ ಕೈಗೆ ಬಂದ ದಿನಾನ ಗೊತ್ತಾತು.
ನೂರಕ್ಕ ನಾಕು ಕಡಿಮಿ.
ಒಂಬೈನೂರು ಮಂದಿ, ಮೂರು ವರ್ಷದ ಕರಾರು.
ಯಾರ ಮುಂದೂ ಹೇಳಬ್ಯಾಡ್ರಿ.
ಮುಂದಿನ ಮಾತುಕತಿಗೆ ಮೊದಲು
ಒಂದು ತಾಸು ಕೂತು ಹೇಳಿಕೊಡ್ತೀರೇನು?'

ಮೇಡಂ ಸೀಮೆಸುಣ್ಣ ಚಾಚಿದರು.
ಇಪ್ಪತ್ತರ ಹಿಂದೆ ಸ್ವಲ್ಪ ಜಾಗ ಬಿಟ್ಟು
ಮೊದಲು ಬರೆದೆ: ಯಾವುದರ?