ಗೇಣಗಲ

ನಮ್ಮ ಸ್ಟೇಷನ್ನಿನ ಪ್ಲಾಟ್‌ಫಾರಂ ಬಾಗಿತ್ತು.
ಹಿಂದೆ ಹಳಿ ಹಾಸಿದವರು
ಯಾರದೋ ಇಟ್ಟಿಗೆ ಗೂಡನ್ನು ಬಳಸಿಕೊಂಡು ಹೋದರಂತೆ;
ಗೂಡು ಹೋಯಿತು, ಬಳಸು ಉಳಿಯಿತು.
ನೆಟ್ಟಗಿನ ಬೋಗಿ ಬಾಗಿದ ಕಲ್ಲಿನ ಪಕ್ಕ ನಿಂತರೆ
ಸಂದು ಬೀಳಲೇಬೇಕಲ್ಲ.
ಈ ತುದಿಯಲ್ಲಿ ಎರಡು ಬೆರಳು,
ಮೂರನೇ ಬೋಗಿಯ ಹತ್ತಿರ ಗೇಣು.
ಆ ಗೇಣಿನೊಳಗೆ ಬಿದ್ದದ್ದು, ನಾನು ಕಂಡಂತೆ:
ಕೊಡೆಗಳು, ಒಂದು ಮದುವೆಯುಂಗುರ,
ಮಗುವೊಂದರ ಎಡಗಾಲಿನ ಬೂಟು,
ವಿಯೆಟ್ನಾಮಿ ಬೇಕರಿಯ ಬಿಸಿ ಬ್ರೆಡ್ಡು,
ನನ್ನದೇ ಬೀಗದಕೈ, ಎರಡು ಸಲ.

ನನ್ನ ಕೆಲಸ ಆ ಸಂದಿಗೆ ಹಲಗೆ ಹಾಕುವುದು.
ಮಡಚುವ ಅಲ್ಯೂಮಿನಿಯಂ ಹಲಗೆ, ಒಂಬತ್ತು ಕಿಲೋ,
ಗೋಡೆಯ ಕೊಕ್ಕೆಗೆ ನೇತುಹಾಕಿದ್ದು.
ಏಳು ಹನ್ನೆರಡರ ಗಾಡಿಗೆ ಇಲ್ಹಾಮ್ ಬರುತ್ತಿದ್ದಳು,
ಶಾಲೆಯ ಸಮವಸ್ತ್ರದಲ್ಲಿ, ಮಡಿಲಲ್ಲಿ ಚೀಲ.
ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ಯಾರ್‍ಯಾರದೋ ರಕ್ತ ನೋಡುತ್ತಾಳೆ.
ನಡುವೆ ಹನ್ನೊಂದು ವರ್ಷ.
ಹಲಗೆ ಬಿಚ್ಚಿ, ಒತ್ತಿ, ಕಾಲಿಂದ ಅದುಮಿ ಹಿಡಿಯುವಷ್ಟರಲ್ಲಿ
ಇಪ್ಪತ್ತು ಸೆಕೆಂಡಿನ ಮಾತು:
ಅಮ್ಮನ ಅರೆತಲೆನೋವು, ಟ್ರಿಪೋಲಿಯ ಚಿಕ್ಕಮ್ಮ,
"ಸ್ಟಾವ್ರೂಲಾ, ಈ ಕೂದಲು ನಿನಗೆ ಒಪ್ಪೋದಿಲ್ಲ."
ಎಲ್ಲವೂ ತುಂಡು ತುಂಡು. ನಾಳೆ ಮುಂದುವರಿಯುತ್ತಿತ್ತು.

ಅವಳು ಹತ್ತಿದ ಮೇಲೆ ಗೋಡೆಯ ಫೋನೆತ್ತಿ ಹೇಳಬೇಕು:
ಒಬ್ಬರು, ಮೂರನೇ ಬೋಗಿ, ಎರಡನೇ ಬಾಗಿಲು.
ಆ ಕಡೆ ಸಿಯಾಲೆ. ಟೋಂಗಾದವನು, ದನಿ ಬಾವಿಯಷ್ಟು ಆಳ.
ಮುಖ ನೋಡಿಲ್ಲ. ಅವನಿಗೆ ಮೊಮ್ಮಗಳು ಹುಟ್ಟಿದ್ದು ಗೊತ್ತು.

ಇದನ್ನೆಲ್ಲ ಹೇಳುವಾಗ ಜುಲೈ ತಿಂಗಳಿನ ಒಂದು ಮುಂಜಾನೆಯನ್ನು
ಬಿಟ್ಟುಬಿಡುವ ಆಸೆ ಆಗುತ್ತದೆ.
ಸಿಡ್ನಿಯ ಚಳಿಗೆ ಬೆರಳು ಸೆಟೆದುಕೊಂಡ ದಿನ.
ನಾನು ಫೋನು ಮಾಡಲಿಲ್ಲ. ಮರೆತೆ, ಅಷ್ಟೇ.
ಅವಳ ಸ್ಟೇಷನ್ನು ಬಂತು, ಬಾಗಿಲು ತೆರೆಯಿತು,
ಎದುರಿಗೆ ಗೇಣಗಲದ ಕತ್ತಲೆ, ಹಲಗೆ ಹಿಡಿದವರು ಯಾರೂ ಇಲ್ಲ.
ಬಾಗಿಲು ಮುಚ್ಚಿತು.
ಕೊನೆಯ ನಿಲ್ದಾಣದವರೆಗೆ ಹೋದಳು. ಅವತ್ತು ಅವಳಿಗೆ ಪರೀಕ್ಷೆ.
ಮಾರನೆಯ ದಿನ ನನ್ನನ್ನು ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಂದು ವರ್ಷ ಬೇಲಿ, ಬಸ್ಸು, ಧೂಳು.
ಬಾಗಿದ ಕಲ್ಲನ್ನು ಗರಗಸದಲ್ಲಿ ಕೊಯ್ದರು.
ಲೇಸರ್ ಹಿಡಿದ ಹುಡುಗನೊಬ್ಬ ಮಿಲಿಮೀಟರುಗಳಲ್ಲೇ ಉಸಿರಾಡುತ್ತಿದ್ದ.
ನಿವೃತ್ತ ಸ್ಟೇಷನ್ ಮಾಸ್ತರ ಡನ್‌ಸ್ಟನ್ ಪೈಕ್
ಕೊಯ್ದ ಕಲ್ಲಿನ ಒಂದು ತುಂಡು ಕೇಳಿ ಪಡೆದು
ಪ್ರ್ಯಾಮಿನಲ್ಲಿಟ್ಟುಕೊಂಡು ಮನೆಗೆ ತಳ್ಳಿಕೊಂಡು ಹೋದ.
ಹಳೆಯದನ್ನು ಉಳಿಸಿ ಎಂದು ಸಹಿ ಹಾಕಿದವರು
ಟಿಕೆಟ್ಟಿನ ಕಿಟಕಿಯನ್ನು ಉಳಿಸಿಕೊಂಡರು.
ಅಲ್ಲಿ ಈಗ ಕಾಫಿ, ದುಬಾರಿ.

ಮೊದಲ ಬೆಳಿಗ್ಗೆ.
ಪ್ಲಾಟ್‌ಫಾರಮ್ಮಿನ ಅಂಚಿಗೆ ಗಾಜಿನ ಗೋಡೆ, ಗಾಜಿಗೆ ಬಾಗಿಲು.
ಡ್ರೈವರಿಲ್ಲದ ಗಾಡಿಯ ಮೂತಿಗೆ ಮೂಗೊತ್ತಿ ನಿಂತ ಮಕ್ಕಳು,
ಅವರ ಹಿಂದೆ ಮಕ್ಕಳಂತೆ ದೊಡ್ಡವರು.
ನನಗೆ ನೀಲಿ ಜಾಕೆಟ್ಟು ಕೊಟ್ಟು
ಜನ ದಾರಿ ಕೇಳಿದರೆ ಹೇಳು ಅಂದಿದ್ದರು.
ಕೇಳಲು ದಾರಿಯೇ ಇರಲಿಲ್ಲ, ಎಲ್ಲ ಬೋರ್ಡಿನಲ್ಲಿತ್ತು.
ಏಳು ಹನ್ನೆರಡು ಆಯಿತು. ಇಲ್ಹಾಮ್ ಇಲ್ಲ.
ನಾಲ್ಕು ನಿಮಿಷಕ್ಕೊಂದು ಗಾಡಿ ಇರುವಾಗ
ಏಳು ಹನ್ನೆರಡಕ್ಕೆ ಯಾರು ಯಾಕೆ ಬರಬೇಕು?

ಏಳು ಮೂವತ್ತರ ಹೊತ್ತಿಗೆ ಬಂದಳು,
ಒಂದು ಕೈ ಕುರ್ಚಿಯ ಗುಬಟಿನ ಮೇಲೆ,
ಇನ್ನೊಂದರಲ್ಲಿ ಆ ದುಬಾರಿ ಕಾಫಿ.
ಯಾವ ಬಾಗಿಲೆಂದು ನೋಡಲೂ ಇಲ್ಲ,
ತೆರೆದದ್ದರೊಳಗೆ ನುಗ್ಗಿದಳು,
ಉಗುರಗಲದ ಗೆರೆಯ ಮೇಲೆ ಗಾಲಿ ಉರುಳಿತು,
ಕಾಫಿ ತುಳುಕಲಿಲ್ಲ.
ಅವಸರದಲ್ಲಿದ್ದಳು. ಎಲ್ಲರ ಹಾಗೆ ಅವಸರದಲ್ಲಿದ್ದಳು!
ಗಾಜಿನ ಆಚೆಯಿಂದ ಕೈಯೆತ್ತಿದಳೋ,
ಮೇಲಿನ ಹಿಡಿಗೆ ಕೈ ಚಾಚಿದಳೋ.

ಗೋಡೆಯ ಫೋನನ್ನು ಇನ್ನೂ ಕಿತ್ತಿರಲಿಲ್ಲ.
ಎತ್ತಿದೆ. ಉಸಿರು ಕೇಳಿಸಿತು, ಅವನೇ.
"ಒಬ್ಬರು" ಅಂದೆ.
"ಎಷ್ಟನೇ ಬಾಗಿಲು?"
"ಗೊತ್ತಿಲ್ಲ, ಸಿಯಾಲೆ."
ಆ ತುದಿಯಲ್ಲಿ ಅವನು ನಗತೊಡಗಿದ,
ಬಾವಿಗೆ ಕೊಡ ಇಳಿಬಿಟ್ಟ ಹಾಗೆ.